ನಾಣ್ಯಕ್ಕೆ ನೆನಪಿಲ್ಲ

ನಮ್ಮ ಮಾವನ ತಲೆಯ ಬೆಲೆ ಒಂದು ರೂಪಾಯಿ ಎಂದು ನೀವು ಅವರ ಎದುರಿಗೇ ಹೇಳಿ ನೋಡಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. "ಯಾವ ಇಸವಿ ರೂಪಾಯಿ?" ಎಂದು ಕೇಳುತ್ತಾರೆ!

ಮಾವ ಅಂದರೆ ನನ್ನ ತಾಯಿಯ ತಮ್ಮ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ಕಡೆಗೆ ಹೋಗುವ ಒಂದು ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕಂಡಕ್ಟರಾಗಿದ್ದವರು. ಬೇರೆ ಕಂಡಕ್ಟರುಗಳಿಗೆ ಚಿಲ್ಲರೆ ತಲೆನೋವು. ನಮ್ಮ ಮಾವನಿಗೆ ಅದೇ ವಿಶ್ವವಿದ್ಯಾಲಯ. ನಾಣ್ಯ ಚಿಮ್ಮುವುದು, ಬಿದ್ದದ್ದನ್ನು ನೋಡುವುದು, ಗೆಲ್ಲುವ ಚಾನ್ಸೆಷ್ಟು ಸೋಲುವ ಚಾನ್ಸೆಷ್ಟು ಎಂದು ಗುಣಿಸುವುದು, ಗೆರೆ ಎಳೆದ ನೋಟ್‌ಪುಸ್ತಕದಲ್ಲಿ ಬರೆಯುವುದು. ಹಾಗೆ ತುಂಬಿಸಿದ ಪುಸ್ತಕಗಳು ಅವರ ಮನೆಯ ಅಟ್ಟದ ಮೇಲೆ ಒಂದು ಟ್ರಂಕಿನಷ್ಟಿವೆ. ಆ ಒಂದು ರೂಪಾಯಿ ನಾಣ್ಯದ ಮೇಲೆ ನಮ್ಮ ಅತ್ತೆಯ ಕಣ್ಣುಗಳೇ ನಿಂತ ಒಂದು ಬೆಳಗ್ಗೆಯ ಬಗ್ಗೆ ನಾನು ಬರೆಯಬೇಕಾಗಿದೆ. ಆದರೆ ಮಾವ ಎಂಥವರು ಎಂದು ಗೊತ್ತಾಗದೆ ಆ ಬೆಳಗ್ಗೆಯ ತೂಕ ನಿಮಗೆ ತಿಳಿಯುವುದಿಲ್ಲ. ಇನ್ನೊಂದು ಮಾತು. ನಾನು ದಿನಚರಿ ಬರೆಯುವವಳು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದ್ದರಿಂದ ಅಲ್ಲಲ್ಲಿ ದಿನಚರಿ ತೆರೆದು ನೋಡಿಕೊಂಡು ಬರೆಯುತ್ತಿದ್ದೇನೆ. ಅದನ್ನಾದರೂ ನಂಬಬಹುದೇ? ಕೊನೆಗೆ ನೀವೇ ಹೇಳಿ.

ಮಾವ ಹೆಡ್ಡು, ಟೈಲು ಎನ್ನುವುದಿಲ್ಲ. "ನಮ್ ರೂಪಾಯ್ನಲ್ಲಿ ತಲೆ ಎಲ್ಲೈತೆ, ಬಾಲ ಎಲ್ಲೈತೆ? ಒಂದ್ಕಡೆ ಸಿಂಹ, ಒಂದ್ಕಡೆ ಅಂಕಿ. ಅಷ್ಟೆಯ." ಹಾಗಾಗಿ ಪುಸ್ತಕದ ತುಂಬ 'ಸಿಂ', 'ಅಂ', 'ಅಂ', 'ಸಿಂ' ಎಂದು ಯಾವುದೋ ಬೀಜಮಂತ್ರದಂತೆ ಸಾಲುಗಳು. "ನಾಕು ಸಿಂಹ ಇದ್ರೂವೆ ಕಾಣಾದು ಮೂರೇ ಕಣಮ್ಮಿ. ನಾಕನೇದು ಕಾಣೋ ಚಾನ್ಸು ಸೊನ್ನೆ. ಆದ್ರೂ ಅದು ಇಲ್ಲ ಅನ್ನಂಗಿಲ್ಲ!" ಎಂದು ನನಗೆ ಚಿಕ್ಕಂದಿನಲ್ಲಿ ಪಾಠ ಹೇಳಿದ್ದರು. ನಾನು ಮುಂದೆ ಮೈಸೂರಿಗೆ ಹೋಗಿ ಸಂಖ್ಯಾಶಾಸ್ತ್ರವನ್ನೇ ಓದಿದ್ದಕ್ಕೆ ಈ ಕಾಣದ ಸಿಂಹವೇ ಕಾರಣ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ. ನಿಜವಾದ ಕಾರಣ ಬೇರೆ ವಿಷಯಕ್ಕೆ ಸೀಟು ಸಿಗದೇ ಹೋದದ್ದು ಎಂದು ಆ ವರ್ಷದ ದಿನಚರಿಯಲ್ಲಿ ನನ್ನದೇ ಕೈಬರಹದಲ್ಲಿದೆ!

ಎಂ.ಎಸ್ಸಿ. ಮುಗಿಸಿ ಬಂದಾಗ ಮಾವ ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಿದ ಪ್ರಶ್ನೆ ಒಂದೇ.

"ಎರಡು ವರ್ಸದಲ್ಲಿ ಎಷ್ಟು ಸಲ ನಾಣ್ಯ ಚಿಮ್ದೆ?"

"ಒಂದು ಸಲಾನೂ ಇಲ್ಲ ಮಾವ. ಸೂತ್ರ ಇದೆ."

ಮಾವ ಅತ್ತೆಯ ಕಡೆ ತಿರುಗಿದರು. "ನೋಡ್ದಾ? ನೀರಿಗೇ ಇಳೀದಂಗೆ ಈಜು ಪಾಸು ಮಾಡ್ಬುಟ್ಟವ್ಳೆ!"

ಅವರು ಸೂತ್ರ ಕಲಿತದ್ದು ಬಸ್ಸಿನಲ್ಲಿ. ಪ್ರಯಾಣಿಕರಿಗೆ ಒಂದು ರೂಪಾಯಿ ಚಿಲ್ಲರೆ ಕೊಡಬೇಕು, ಚೀಲದಲ್ಲಿ ಚಿಲ್ಲರೆ ಕಮ್ಮಿ ಇದೆ ಅನ್ನಿ. ಉಳಿದ ಕಂಡಕ್ಟರುಗಳು ಟಿಕೆಟಿನ ಹಿಂದೆ ಬರೆದುಕೊಟ್ಟು ಮರೆತುಬಿಡುತ್ತಾರೆ. ಮಾವ ಮಾತ್ರ "ಚಿಮ್ಮಾಣ್ವಾ?" ಎನ್ನುತ್ತಿದ್ದರು. ಸಿಂಹ ಬಿದ್ದರೆ ಪ್ರಯಾಣಿಕರಿಗೆ ಎರಡು ರೂಪಾಯಿ, ಅಂಕಿ ಬಿದ್ದರೆ ಏನೂ ಇಲ್ಲ. "ಸರಾಸರಿ ಲೆಕ್ಕದಲ್ಲಿ ನಿಮ್ಗೂ ಮೋಸ ಇಲ್ಲ, ನಂಗೂ ಮೋಸ ಇಲ್ಲ" ಎಂದು ಟಿಕೆಟು ಹರಿಯುತ್ತಲೇ ವಿವರಿಸುತ್ತಿದ್ದರು. ಕುಲುಕುವ ಬಸ್ಸಿನಲ್ಲಿ ನಿಂತು ನಾಣ್ಯ ಚಿಮ್ಮಿ, ಬಲಗೈ ಹಿಂಬದಿಯ ಮೇಲೆ ಹಿಡಿದು, ಮುಚ್ಚಿದ ಎಡಗೈ ತೆಗೆಯುವ ಆ ಗತ್ತು ನೋಡಲಿಕ್ಕೇ ಜನ ಬೇಕೆಂದೇ ಚಿಲ್ಲರೆ ಇಲ್ಲದೆ ಹತ್ತುತ್ತಿದ್ದರಂತೆ.

ಒಂದು ದಿನ ಕೌದಳ್ಳಿಯಲ್ಲಿ ಲೊಕ್ಕನಹಳ್ಳಿ ಕಡೆಯ ಅಜ್ಜಿಯೊಬ್ಬರು ಹತ್ತಿದರು. (ಅಜ್ಜಿ ಹತ್ತಿದ್ದು ಹನೂರಿನಲ್ಲಿ ಎಂದು ಮಾವ. ಕೌದಳ್ಳಿ ಎಂದು ನನ್ನ ದಿನಚರಿ. ನಾನು ಆ ಬಸ್ಸಿನಲ್ಲೇ ಇರಲಿಲ್ಲ. ಮುಂದೆ ಹೋಗೋಣ.) ಅಜ್ಜಿಗೆ ಒಂದು ರೂಪಾಯಿ ಬರಬೇಕು. ಚಿಮ್ಮಿದರು, ಸಿಂಹ. ಎರಡಾಯಿತು. "ಇನ್ನೊಂದ್ಸಲ" ಎಂದರು ಅಜ್ಜಿ. ಮತ್ತೆ ಸಿಂಹ, ನಾಲ್ಕು. ಮತ್ತೆ ಸಿಂಹ, ಎಂಟು. ಮತ್ತೆ ಸಿಂಹ, ಹದಿನಾರು! ಬಸ್ಸಿಗೆ ಬಸ್ಸೇ ಎದ್ದು ನಿಂತಿತು. ಡ್ರೈವರು ರಸ್ತೆ ಬಿಟ್ಟು ಕನ್ನಡಿ ನೋಡಲು ಶುರು ಮಾಡಿದ.

"ಸಾಕು ತಕ್ಕಳಜ್ಜಿ" ಎಂದರು ಮಾವ. "ನಾಕು ಸಲ ಸಾಲಾಗಿ ಸಿಂಹ ಬೀಳಾದು ಹದ್ನಾರಕ್ಕೊಂದು ಚಾನ್ಸು."

"ನಾಕು ಸಲ ಸಿಂಹ ಬಿತ್ತಲ್ಲ, ಸಿಂಹಕ್ಕೆ ಇವತ್ತು ನನ್ ಮ್ಯಾಲೆ ಪ್ರೀತಿ ಬಂದೈತೆ. ಚಿಮ್ಮು."

ಹಿಂದಿನ ಸೀಟಿನವನೊಬ್ಬ, "ಬ್ಯಾಡ ಕಣಜ್ಜಿ, ನಾಕು ಸಿಂಹ ಆದ್ಮ್ಯಾಲೆ ಅಂಕೀದೇ ಸರದಿ" ಎಂದ.

ಆಗ ಮಾವ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡು, ಇಡೀ ಬಸ್ಸಿಗೆ ಕೇಳುವ ಹಾಗೆ, ತಮ್ಮ ಜೀವನದ ಮಹಾವಾಕ್ಯವನ್ನು ನುಡಿದರು. "ಸರದೀನೂ ಇಲ್ಲ, ಪ್ರೀತೀನೂ ಇಲ್ಲ ಕಣ್ರಯ್ಯಾ. ನಾಣ್ಯಕ್ಕೆ ನೆನಪಿಲ್ಲ! ಇಂದ್ಲ ಸಲ ಏನು ಬಿದ್ದಿತ್ತು ಅಂತ ಅದ್ಕೆ ಗೊತ್ತೇ ಇಲ್ಲ. ಪ್ರತಿ ಸಲಾನೂ ಅರ್ಧಕ್ಕರ್ಧ."

ಚಿಮ್ಮಿದರು. ಅಂಕಿ. ಹದಿನಾರೂ ಹೋಯಿತು, ಮೊದಲಿನ ಒಂದು ರೂಪಾಯಿಯೂ ಹೋಯಿತು.

"ನನ್ ರೂಪಾಯಿ ಕೊಡು" ಎಂದರು ಅಜ್ಜಿ.

"ಸರಾಸರೀಲಿ ನಿಮ್ಗೆ ಒಂದು ರೂಪಾಯಿ ಬಂದೇ ಬರ್ತದೆ ಕಣಜ್ಜಿ."

"ಆ ಸರಾಸರಿ ಯಾವ ಸ್ಟಾಪ್ನಲ್ಲಿ ಹತ್ತದು? ನಾನು ಇಲ್ಲೇ ಇಳೀಬೇಕು!"

ಬಸ್ಸು ನಿಂತಿತು. ಅಜ್ಜಿ ಮೆಟ್ಟಿಲ ಮೇಲೆ ನಿಂತು ಮೆತ್ತಗೆ, "ಓಗ್ಲಿ ಬುಡು, ಇನ್ನೊಂದೇ ಒಂದ್ಸಲ ಚಿಮ್ಮಪ್ಪ, ಕಣ್ತುಂಬ ನೋಡ್ಕಂಡು ಓಯ್ತೀನಿ" ಎಂದರು. ಮಾವ ಹೊಗಳಿಕೆಗೆ ಉಬ್ಬಿ ಎತ್ತರಕ್ಕೆ ಚಿಮ್ಮಿದರು. ಅಜ್ಜಿ ಗಾಳಿಯಲ್ಲೇ ನಾಣ್ಯ ಹಿಡಿದು, ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದೇ ಬಿಟ್ಟರು! ಆ ದಿನದ ಸಾಲಿನ ಕೊನೆಯಲ್ಲಿ ಸಿಂಹವೂ ಇಲ್ಲ, ಅಂಕಿಯೂ ಇಲ್ಲ, 'ಅಜ್ಜಿ' ಎಂದಿದೆ. ಪುಸ್ತಕವನ್ನು ನಾನೇ ನೋಡಿದ್ದೇನೆ.

ಇದನ್ನು ಹೇಳಲು ಕಾರಣವಿದೆ. ನಾಣ್ಯದ ವಿಷಯದಲ್ಲಿ ನಮ್ಮ ಮಾವ ಯಾವತ್ತೂ ಸುಳ್ಳು ಬರೆದವರಲ್ಲ. "ಬಿದ್ದದ್ದ ಯೋಳ್ಬೇಕು, ಯೋಳಿದ್ದ ಬರೀಬೇಕು." ಇದು ಅವರ ಧರ್ಮ. ಅವರಿಗೆ ದೇವರ ಮೇಲೆ ಭಕ್ತಿ ಎಷ್ಟಿದೆಯೋ ತಿಳಿಯದು. ಮಹದೇಶ್ವರ ಬೆಟ್ಟದ ದಾರಿಯಲ್ಲಿ ಮೂವತ್ತು ವರ್ಷ ಓಡಾಡಿದರೂ ಬೆಟ್ಟ ಹತ್ತಿದ್ದು ಎರಡೇ ಸಲ, ಅದೂ ಟಾಸ್ ಗೆದ್ದು.

ಯುಗಾದಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಹಬ್ಬದ ಮಾರನೆಯ ದಿನ ನಮ್ಮ ಕಡೆ ಗಂಡಸರು ಅರಳಿಕಟ್ಟೆಯ ಹತ್ತಿರ ಎರಡು ನಾಣ್ಯ ಒಟ್ಟಿಗೆ ಚಿಮ್ಮಿ ಆಡುತ್ತಾರೆ. ಎರಡೂ ಸಿಂಹ ಬೀಳಬಹುದು, ಎರಡೂ ಅಂಕಿ ಬೀಳಬಹುದು, ಇಲ್ಲವೇ ಒಂದೊಂದು ಬಿದ್ದು ಬೆರಕೆಯಾಗಬಹುದು. ಮೂರು ಥರ ಬೀಳುತ್ತದಲ್ಲ, ಅದಕ್ಕೇ ಬೆರಕೆಗೆ ಮೂರಕ್ಕೊಂದು ಚಾನ್ಸು ಎಂದು ಊರಿನವರ ಲೆಕ್ಕ. ಹಾಗಾಗಿ ಬೆರಕೆಯ ಮೇಲೆ ಒಂದು ಕಟ್ಟಿ ಗೆದ್ದವನಿಗೆ ಕಟ್ಟಿದ್ದರ ಮೇಲೆ ಇನ್ನೆರಡು ಕೊಡುವ ಪದ್ಧತಿ. ಮಾವ ಇದನ್ನು ಕೇಳಿ ಬೆವೆತುಬಿಟ್ಟರು. ಏಕೆಂದರೆ ಬೆರಕೆ ಎರಡು ದಾರಿಯಲ್ಲಿ ಬರುತ್ತದೆ. ಈ ನಾಣ್ಯ ಸಿಂಹ, ಆ ನಾಣ್ಯ ಅಂಕಿ. ಇಲ್ಲವೇ ಇದು ಅಂಕಿ, ಅದು ಸಿಂಹ. ಅಂದರೆ ಚಾನ್ಸು ಅರ್ಧಕ್ಕರ್ಧ! ಊರಿಗೆ ಊರೇ ತಪ್ಪು ಲೆಕ್ಕದಲ್ಲಿ ತಲೆತಲಾಂತರದಿಂದ ಹಬ್ಬ ಮಾಡುತ್ತಿದೆ! ಒಂದು ರೂಪಾಯಿ ಕಟ್ಟಿದರೆ ಸರಾಸರಿ ಎಂಟಾಣೆ ಲಾಭ. ಮಾವ ಅತ್ತೆಗೆ "ಸಂಜೆಗೆ ಚೀಲ ತಕಂಡು ಬಾ" ಎಂದು ಹೇಳಿ ಹೊರಟರು.

ಸಂಜೆ ಅವರು ಬರಿಗಾಲಲ್ಲಿ ಬಂದರು. ಮುಖ ಮಾತ್ರ ಮದುವಣಿಗನದು.

"ಏಳು ಸಲ ಚಿಮ್ಮುದ್ರು, ಏಳು ಸಲಾನೂ ಬೆರಕೆ ಬೀಳ್ನೇ ಇಲ್ಲ! ನೂರಿಪ್ಪತ್ತೆಂಟಕ್ಕೊಂದು ಚಾನ್ಸು ಕಣೇ! ನನ್ ಕಣ್ಣಾರ ನೋಡ್ದೆ! ಇಂಥದ್ದ ನೋಡಕ್ಕೂ ಪುಣ್ಯ ಬೇಕು!"

"ಚಪ್ಲಿ ಎಲ್ಲಿ?"

"ಅದು ಎಂಟನೇ ಸಲಕ್ಕೆ ಓಯ್ತು."

ಅತ್ತೆ ಯಳಂದೂರಿನವರು. ಮಾತಿಗೆ ಕಮ್ಮಿಯವರಲ್ಲ. ಅವರು ಈ ಮನೆಗೆ ಬಂದದ್ದೂ ಒಂದು ಟಾಸಿನಿಂದಲೇ. ಮಾವನಿಗೆ ಒಂದೇ ವಾರದಲ್ಲಿ ಎರಡು ಸಂಬಂಧ ಬಂದಿತ್ತಂತೆ, ಒಂದು ಯಳಂದೂರು, ಒಂದು ಹನೂರು. ಹನೂರಿನವರು ಎರಡು ಎಕರೆ ಹಿಪ್ಪುನೇರಳೆ ತೋಟದವರು. ಯಳಂದೂರಿನಲ್ಲಿ ತೋಟ ಇರಲಿಲ್ಲ, ಹುಡುಗಿ ಮಾತ್ರ ಇದ್ದಳು. ಹೆಣ್ಣು ನೋಡಿ ಬರುವಾಗ ಯಳಂದೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಾವ ನಾಣ್ಯ ಚಿಮ್ಮಿ, ಅಂಗೈಯನ್ನು ಯಾರಿಗೂ ತೋರಿಸದೆ ಜೇಬಿಗಿಳಿಸಿ, ಕಾಯುತ್ತಿದ್ದ ಅಪ್ಪನಿಗೆ "ಸಿಂಹ. ಯಳಂದೂರೇ" ಎಂದರಂತೆ. ನನ್ನ ತಾತ ಮೂರು ದಿನ ಮಗನ ಜೊತೆ ಮಾತು ಬಿಟ್ಟರು. ಅತ್ತೆ ಈಗಲೂ, "ಆ ಸಿಂಹ ಬಾಯಿ ತಕ್ಕಂಡು ನನ್ ಮ್ಯಾಲೇ ಬೀಳ್ಬೇಕಾಗಿತ್ತಾ? ಅಂಕಿ ಬಿದ್ದಿದ್ರೆ ಯಾರೋ ಹನೂರ್ನೋಳು ಈ ಪಾಡು ಪಡ್ತಿದ್ಲು" ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಮದುವೆಯ ಮಾರನೆಯ ಬೆಳಗ್ಗೆಯಿಂದ ಇವರಿಬ್ಬರದೂ ಒಂದು ಆಟ. ಎದ್ದ ತಕ್ಷಣ ಟಾಸ್. ಸಿಂಹ ಬಿದ್ದರೆ ಅತ್ತೆ ಕಾಫಿ ಮಾಡಬೇಕು, ಅಂಕಿ ಬಿದ್ದರೆ ಮಾವ. ಜ್ವರ ಬರಲಿ, ನೆಂಟರು ಬರಲಿ, ಜಗಳವಾಗಿ ಮಾತು ಬಿಟ್ಟಿರಲಿ, ಟಾಸ್ ಮಾತ್ರ ತಪ್ಪಿದ್ದಿಲ್ಲ. ಕೆಲಸದಿಂದ ನಿವೃತ್ತರಾದ ಮೇಲೆ ಮಾವನ ಪಾಲಿಗೆ ಉಳಿದದ್ದೂ ಅದೊಂದೇ ಟಾಸ್. ಈಗ ಬಸ್ಸಿನಲ್ಲೂ ಫೋನು ಹಿಡಿದು ಸ್ಕ್ಯಾನ್ ಮಾಡಿ ದುಡ್ಡು ಕೊಡುತ್ತಾರಲ್ಲ! "ಚಿಲ್ರೇನೇ ಇಲ್ದ ಮ್ಯಾಲೆ ಚಾನ್ಸು ಎಲ್ಲಿಂದ ಬಂದದು? ಫೋನ್ನ ಚಿಮ್ಮಾಕಾಯ್ತದಾ?" ಎಂದು ಅವರು ನಿಟ್ಟುಸಿರು ಬಿಡುತ್ತಾರೆ.

ಎರಡು ವರ್ಷದ ಹಿಂದೆ ಅತ್ತೆಯ ಕಣ್ಣಿಗೆ ಪೊರೆ ಬಂದಿತು. ಎರಡೂ ಕಣ್ಣಿಗೆ. ಮೊದಮೊದಲು ಅಕ್ಕಿಯಲ್ಲಿ ಕಲ್ಲು ಕಾಣುತ್ತಿರಲಿಲ್ಲ, ಆಮೇಲೆ ಅಕ್ಕಿಯೇ ಕಾಣದಾಯಿತು. ಬೆಳಗ್ಗೆ ಟಾಸ್ ಹಾಕಿದ ಮೇಲೆ, "ಏನು ಬಿತ್ತು?" ಎಂದು ಕೇಳುತ್ತಿದ್ದರು. ಮಾವ ಹೇಳಿದ್ದನ್ನು ನಂಬಿ, ಸೋತ ದಿನ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗುತ್ತಿದ್ದರು. ಮಾವ ಹಿಂದೆಯೇ ಹೋಗಿ ಸಕ್ಕರೆ ಡಬ್ಬಿ, ಕಾಫಿಪುಡಿ ಡಬ್ಬಿ ಕೈಗೆ ಕೊಡುತ್ತಿದ್ದರೇ ಹೊರತು "ಅಂಕಿ ಬಿತ್ತು, ನಾನೇ ಮಾಡ್ತೀನಿ" ಎಂದು ಒಂದು ದಿನವೂ ಅನ್ನಲಿಲ್ಲ. ಒಮ್ಮೆ ನನಗೆ ಸಿಟ್ಟೇ ಬಂದಿತು.

"ಒಂದು ಸುಳ್ಳು ಹೇಳಿದ್ರೆ ಏನಾಗುತ್ತೆ ಮಾವ?"

"ಒಂದು ಸುಳ್ಳು ಸೇರುದ್ರೆ ಇಡೀ ಪುಸ್ತಕ ಸುಳ್ಳಾಯ್ತದೆ ಕಣಮ್ಮಿ."

ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ, ಆಪರೇಷನ್ ಬೇಗ ಮಾಡಿಸಿ, ತಡ ಮಾಡಿದಷ್ಟೂ ಕಷ್ಟ ಎಂದರು. "ಹೆದರಬೇಡಿ, ಬಹಳ ಮಟ್ಟಿಗೆ ಏನೂ ಆಗೋದಿಲ್ಲ" ಎಂದು ಧೈರ್ಯವನ್ನೂ ಹೇಳಿದರು. ಅವರು ಹೇಳಬಾರದಾಗಿದ್ದ ಮಾತು ಅದೊಂದೇ!

"ಬಹಳ ಮಟ್ಟಿಗೆ ಅಂದ್ರೆ ನೂರಕ್ಕೆ ಎಷ್ಟು ಸಾ?" ಎಂದರು ಮಾವ.

"ತೊಂಬತ್ತಕ್ಕಿಂತ ಹೆಚ್ಚೇ ಅಂತ ಇಟ್ಕೊಳ್ಳಿ."

"ಎಷ್ಟು ಎಚ್ಚು? ತೊಂಬತ್ತೊಂದಾ, ತೊಂಬತ್ತೊಂಬತ್ತಾ? ಅಲ್ಲಿಗೂ ಇಲ್ಲಿಗೂ ಬಾಳ ವ್ಯತ್ಯಾಸ ಐತೆ ಸಾ!"

ಡಾಕ್ಟರು ಮುಂದಿನವರನ್ನು ಕರೆದರು. ಅತ್ತೆಯ ಕಿವಿಗೆ ಬಿದ್ದದ್ದು ಮಾತ್ರ ತೊಂಬತ್ತಲ್ಲ, ಉಳಿದ ಹತ್ತು. ಅವರ ಚಿಕ್ಕಮ್ಮನಿಗೆ ಯಾವ ಕಾಲದಲ್ಲೋ ಹೀಗೇ ಪೊರೆ ತೆಗೆಸಿ ಒಂದು ಕಣ್ಣು ಪೂರ್ತಿ ಹೋಗಿತ್ತಂತೆ. "ಇರೋ ಮಬ್ಬೇ ಸಾಕು, ಕತ್ಲೆ ಬ್ಯಾಡ" ಎಂದು ಅತ್ತೆ ಕೂತುಬಿಟ್ಟರು. ಒಂದು ತಿಂಗಳು ನಾವೆಲ್ಲ ಹೇಳಿದೆವು. ನಾನು ಹಲಗೆಯಿಲ್ಲದೆಯೇ ಅರ್ಧ ಗಂಟೆ ಸಂಭವನೀಯತೆಯ ಪಾಠ ಮಾಡಿದೆ. ಅತ್ತೆ ನಿದ್ದೆ ಮಾಡಿದರು.

ಕೊನೆಗೆ ಒಂದು ಭಾನುವಾರ ಬೆಳಗ್ಗೆ ಕಾಫಿ ಕುಡಿದಾದ ಮೇಲೆ ಅತ್ತೆಯೇ ಲೋಟ ಕೆಳಗಿಟ್ಟು ಹೇಳಿದರು. ಜಗುಲಿಯ ಮೇಲೆ ಇದ್ದದ್ದು ಅವರಿಬ್ಬರು ಮತ್ತು ನಾನು.

"ನೀವೆಲ್ಲ ಬಾಯಿ ನೋಯಿಸ್ಕಬ್ಯಾಡಿ. ಟಾಸ್ ಆಕಿ. ಸಿಂಹ ಬಿದ್ರೆ ಆಪ್ರೇಸನ್ನು, ಅಂಕಿ ಬಿದ್ರೆ ಇನ್ನು ಆ ಮಾತೇ ಎತ್ಬಾರ್ದು."

ಮಾವ ಜೇಬಿನ ಮೇಲೆ ಕೈಯಿಟ್ಟುಕೊಂಡರು. "ಇದ್ಕೆಲ್ಲ ಟಾಸ್ ಆಕ್ತಾರೇನೇ?"

"ಮದ್ವೆಗೇ ಆಕುದ್ರಿ! ಡಾಕ್ಟ್ರು ದುಡ್ಡಿಗೆ ಯೋಳ್ತಾನೆ, ಇವ್ಳು ಪುಸ್ತಕ ನೋಡಿ ಯೋಳ್ತಾಳೆ. ನಾಣ್ಯಕ್ಕೆ ಆಸೆ ಇಲ್ಲ, ಎದ್ರಿಕೆ ಇಲ್ಲ, ಅದು ಯಾರ ಕಡೇನೂ ವಾಲಲ್ಲ ಅಂತ ನೀವೇ ತಾನೆ ಬಡ್ಕಂಡಿದ್ದು? ಅದು ಏನ್ ಯೋಳ್ತದೋ ಕೇಳ್ತೀನಿ. ಚಿಮ್ಮಿ."

ತಾನೇ ನೆಟ್ಟ ಗೂಟಕ್ಕೆ ತಾನೇ ಸಿಕ್ಕಿಕೊಂಡ ಎತ್ತಿನಂತೆ ಮಾವ ನಿಂತರು. ಚಿಮ್ಮಿದರು. ಹಿಡಿದರು. ಎಡಗೈ ತೆಗೆದರು.

ಯಾವತ್ತೂ ಕೈ ತೆಗೆಯುವ ಮೊದಲೇ ಬಾಯಿ ತೆಗೆಯುವವರು ಅವತ್ತು ನಾಣ್ಯವನ್ನೇ ನೋಡುತ್ತ ನಿಂತರು.

"ಏನು ಬಿತ್ತು?" ಎಂದರು ಅತ್ತೆ.

"ಸಿಂಹ."

ನಾನು ಅವರ ಬಲಗಡೆಗೇ ಇದ್ದೆ. ನನಗೆ ಕಂಡದ್ದು ಅಂಕಿ. ಕಂಡಿತೇ? ಅದೇ ನನ್ನ ತೊಂದರೆ. ಆ ಕ್ಷಣ ಹಾಗೇ ಅನ್ನಿಸಿತು. ಆದರೆ ಮಾವ ನಾಣ್ಯದ ಬಗ್ಗೆ ಸುಳ್ಳು ಹೇಳುವುದಕ್ಕಿಂತ ನನ್ನ ಕಣ್ಣಿಗೂ ಪೊರೆ ಬಂದಿರುವ ಚಾನ್ಸೇ ಹೆಚ್ಚಲ್ಲವೇ? ರಾತ್ರಿ ದಿನಚರಿ ತೆರೆದು ಬಹಳ ಹೊತ್ತು ಯೋಚಿಸಿ ನಾನು ಬರೆದ ಸಾಲು ಇಷ್ಟೇ: 'ಸಿಂಹ ಬಿತ್ತು. ಅತ್ತೆ ಒಪ್ಪಿದರು.'

ಆಪರೇಷನ್ ಆದ ದಿನ ಮಾವ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಲಿಲ್ಲ, ನಾಣ್ಯ ಮುಟ್ಟಲಿಲ್ಲ. ಕಾಫಿ ಬೇಕೇ ಎಂದರೆ "ಬ್ಯಾಡ" ಎಂದರು. ಮಾರನೆಯ ದಿನ ಪಟ್ಟಿ ಬಿಚ್ಚಿದರು. ಅತ್ತೆ ಕಣ್ಣು ಪಿಳುಕಿಸಿ, ಎದುರು ನಿಂತ ಗಂಡನನ್ನು ಮೇಲಿಂದ ಕೆಳಗೆ ನೋಡಿದರು.

"ಅಯ್ಯೋ ಶಿವನೇ! ನೀವು ಯಾವಾಗ್ರೀ ಇಷ್ಟು ಮುದ್ಕರಾದ್ರಿ?"

ಮಾವ ಎಷ್ಟು ಜೋರಾಗಿ ನಕ್ಕರೆಂದರೆ ನರ್ಸ್ ಬಂದು ಗದರಿಸಿದಳು. ನಗುತ್ತಲೇ ಹೊರಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ.

ಎರಡನೆಯ ಕಣ್ಣೂ ಆಯಿತು. ಕಣ್ಣು ಬಂದ ಅತ್ತೆ ಮನೆಯ ಮೇಲೆ ದಂಡೆತ್ತಿ ಹೋದರು. ಜೇಡರಬಲೆ, ಪಾತ್ರೆಯ ಮಸಿ, ಮಾವ ಎರಡು ವರ್ಷದಿಂದ ಹಾಸಿಗೆಯ ಕೆಳಗೆ ತಳ್ಳಿದ್ದ ಸರಂಜಾಮು, ಯಾವುದೂ ಉಳಿಯಲಿಲ್ಲ. ಆ ದಾಳಿಯಲ್ಲೇ ನೋಟ್‌ಪುಸ್ತಕ ಸಿಕ್ಕಿತು. ಡಾಕ್ಟರು ಓದಬಹುದು ಎಂದು ಹೇಳಿ ವಾರವಾಗಿತ್ತು. ಒಂದು ಬೆಳಗ್ಗೆ ನಾನು ಹೋದಾಗ ಅತ್ತೆ ಜಗುಲಿಯ ಬಿಸಿಲಿಗೆ ಪುಸ್ತಕ ಹಿಡಿದು ಕೂತಿದ್ದರು. ಬೆರಳು ಒಂದು ಸಾಲಿನ ಮೇಲಿತ್ತು. ಆ ಭಾನುವಾರದ ಸಾಲು.

'ಆಪರೇಷನ್. ಅಂ.'

ಹೇಳಿದ್ದು ಸಿಂಹ, ಬರೆದದ್ದು ಅಂಕಿ! ಬಾಯಿ ಸುಳ್ಳು ಹೇಳಿತು, ಪುಸ್ತಕ ಹೇಳಲಿಲ್ಲ. ಕಣ್ಣಾರೆ ನೋಡಿದ ನಾನು ದಿನಚರಿಯಲ್ಲಿ ಸುಳ್ಳು ಬರೆದೆ, ಸುಳ್ಳು ಹೇಳಿದ ಮಾವ ನಿಜ ಬರೆದರು. ಎಂ.ಎಸ್ಸಿ. ಪದವಿಯನ್ನು ಎಲ್ಲಿ ಬಚ್ಚಿಡುವುದು?

ಮಾವ ಟಾಸಿಗೆಂದು ನಾಣ್ಯ ಹಿಡಿದು ಹೊರಗೆ ಬಂದರು. ಪುಸ್ತಕ ನೋಡಿದರು. ನಿಂತರು.

"ಅಂಕಿ ಬಿದ್ದಿತ್ತಾ?" ಎಂದರು ಅತ್ತೆ.

"ಊಂ."

"ಸಿಂಹ ಬಿದ್ದಿದ್ರೆ ಏನಂತಿದ್ರಿ?"

"ಸಿಂಹ."

"ಅಂಕಿ ಬಿದ್ದುದ್ಕೂ ಸಿಂಹ ಅಂದ್ರಿ."

"ಊಂ."

"ಅಂಗಾದ್ರೆ ಚಿಮ್ಮಿದ್ಯಾಕೆ?"

"ನೀನು ಕೇಳ್ದಲ್ಲ." ಮಾವ ತಲೆ ಕೆರೆದುಕೊಂಡರು. "ಡಾಕ್ಟ್ರುದು ತೊಂಬತ್ತರ ಮ್ಯಾಲೆ, ನಾಣ್ಯದ್ದು ಬರೀ ಐವತ್ತು. ಐವತ್ತರ ಕೈಗೆ ನಿನ್ ಕಣ್ಣ ಕೊಡಾಕಾಯ್ತದಾ? ಕಣ್ಣು ಓಗಿದ್ರೆ ನಾನು..." ಎಂದವರು ಅಲ್ಲಿಗೇ ನಿಲ್ಲಿಸಿದರು. ತೊಂಬತ್ತು ಕಳೆದು ಉಳಿದ ಆ ಹತ್ತರ ಲೆಕ್ಕವನ್ನು ಅವರು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಅತ್ತೆ ಎದ್ದು ಒಳಗೆ ಹೋದರು. ಅಟ್ಟದ ಮೇಲೆ ಟ್ರಂಕು ಎಳೆದಾಡುವ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಎಲ್ಲಕ್ಕಿಂತ ತಳದಲ್ಲಿದ್ದ, ರಟ್ಟು ಕಳಚಿದ ಮೊದಲನೆಯ ಪುಸ್ತಕ ಹಿಡಿದು ಬಂದರು. ನನಗೆ ಅರ್ಥವಾಯಿತು. ಮಾವನಿಗೆ ನನಗಿಂತ ಮೊದಲೇ ಅರ್ಥವಾಗಿತ್ತು.

ಮದುವೆಯ ವರ್ಷದ ಹಾಳೆ ಸಿಕ್ಕಿತು. ಮೇಲಿನ ಅರ್ಧ ಸರಿಯಾಗಿದೆ. 'ಯಳಂದೂರು ಬಸ್‌ಸ್ಟ್ಯಾಂಡು' ಎಂಬ ಅಕ್ಷರಗಳೂ ಇವೆ. ಅದರ ಮುಂದೆ ಗೆದ್ದಲು ತಿಂದ ಒಂದು ತೂತು. ಅತ್ತೆ ಆ ತೂತನ್ನು ಬಿಸಿಲಿಗೆ ಹಿಡಿದು, ಅದರ ಮೂಲಕವೇ ಮಾವನನ್ನು ನೋಡಿದರು.

"ನಿಜ ಯೋಳಿ. ಅವತ್ತು ಏನು ಬಿದ್ದಿತ್ತು?"

ಅಜ್ಜಿ ಹಾರಿಸಿಕೊಂಡು ಹೋದ ನಾಣ್ಯದ ಇಸವಿಯನ್ನೂ ಮರೆಯದ ಮನುಷ್ಯ ಆಕಾಶ ನೋಡಿದರು, ಚಪ್ಪಲಿ ನೋಡಿದರು, ನನ್ನನ್ನು ನೋಡಿದರು.

"ಗ್ಯಾನ ಇಲ್ಲ ಕಣೇ. ಅರ್ಧಕ್ಕರ್ಧ."

"ಹನೂರ್ನೋರ್ದು ಎರಡು ಎಕರೆ ತೋಟ ಇತ್ತು."

"ಇತ್ತು, ಇತ್ತು" ಎಂದು ಮಾವ ನಾಣ್ಯವನ್ನು ಚಿಮ್ಮದೆ ಹಾಗೇ ಜೇಬಿಗೆ ಹಾಕಿಕೊಂಡು ಅಡುಗೆಮನೆಗೆ ನಡೆದರು.

"ಟಾಸ್ ಆಕ್ನಿಲ್ವಲ್ರೀ!" ಎಂದು ಅತ್ತೆ ಕೂಗಿದರು. ಒಳಗಿನಿಂದ ಪಾತ್ರೆಯ ಸದ್ದು ಬಂತು. ಅತ್ತೆ ಆ ತೂತಿನ ಹಾಳೆಯನ್ನು ಸೆರಗಿನಿಂದ ಒರೆಸಿ ಮಡಿಲಲ್ಲಿಟ್ಟುಕೊಂಡು ಬಿಸಿಲಿಗೆ ಮುಖ ಮಾಡಿ ಕೂತರು.

ಆಮೇಲೆ ನಾನು ಕದ್ದು ನೋಡಿದೆ. ಆ ದಿನದ ಸಾಲಿನಲ್ಲಿ ಸಿಂಹವೂ ಇಲ್ಲ, ಅಂಕಿಯೂ ಇಲ್ಲ. 'ಕಾಫಿ ನಾನು' ಎಂದಷ್ಟೇ ಇದೆ. ಈ ಸಲ ದಿನಚರಿಯಲ್ಲಿ ನಾನೂ ಅದನ್ನೇ ಬರೆದುಕೊಂಡೆ.